ತಿರುವಿ ನೋಡುವ ಕಾಕಾನ ಪಿಸ್ತೂಲು ಪುರಾಣ

ನಮ್ಮ ಕಾಕಾ ನನಗೆ ಹೆಣ್ಣು ನೋಡಲು ಬಂದಾಗ ಹೆಣ್ಣಿನ ಮುಖವನ್ನೇ ನೋಡಲಿಲ್ಲ!

ಉತ್ಪ್ರೇಕ್ಷೆ ಅನ್ನಬೇಡಿ. ನನ್ನ ಹೆಂಡತಿಯನ್ನು ಕೇಳಿ, ಆಕೆ ಇನ್ನೂ ಮರೆತಿಲ್ಲ. ನಮ್ಮ ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಬೀಗರ ಮನೆ. ಹುಡುಗಿ ಚುರುಮುರಿ ಸುಸಲಾದ ತಾಟುಗಳನ್ನು ತಂದಿಟ್ಟು, ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತಳು. ಎಲ್ಲರೂ ಹುಡುಗಿಯನ್ನು ನೋಡಿದರು. ನಾನು ಹೆದರಿ ನೆಲ ನೋಡಿದೆ. ಕಾಕಾ ಮಾತ್ರ ಸುಸಲಾವನ್ನು ನಾಲ್ಕು ತುತ್ತಿನಲ್ಲಿ ಮುಗಿಸಿ, ಖಾಲಿ ತಾಟನ್ನು ಎತ್ತಿ, ತಿರುವಿ, ಅದರ ತಳವನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಬೀಗರ, ನಿಮ್ಮ ಅಡ್ಡಹೆಸರು ಒಂದು, ಈ ತಾಟಿನ ಅಡ್ಡಹೆಸರು ಇನ್ನೊಂದು ಅದಲ್ರಿ?"

ನಮ್ಮ ಕಡೆ ಪಾತ್ರೆಗೆ ಹೆಸರು, ಇಸವಿ ಕೊರೆಸುವ ರೂಢಿ ನಿಮಗೆ ಗೊತ್ತೇ ಇದೆ. ಅಂದು ಬೀಗರು ಮರ್ಯಾದೆಗಾಗಿ ಬಾಜೂ ಮನೆಯಿಂದ ಹೊಸ ತಾಟು ಕಡ ತಂದಿದ್ದರು. ಮಾವನವರ ಮುಖ ಸುಟ್ಟ ಬದನೆಕಾಯಿ ಆಯಿತು. ಕಾಕಾನಿಗೆ ಅದರ ಪರಿವೆಯೇ ಇಲ್ಲ! "ಆದರ ಕೊರದ ಕೈ ಛಲೋ ಅದ ನೋಡ್ರಿ. ಎಂಟರ ಹೊಟ್ಟಿ ಎಷ್ಟು ದುಂಡಗ ಬಂದದ!" ಎಂದು ಮೆಚ್ಚಿಕೊಂಡ. ಮದುವೆ ಮುರಿದೇಹೋಯಿತು ಎಂದು ನಾನು ಬೆವರುತ್ತಿದ್ದಾಗ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ಆ ಒಂದು ನಗೆಯ ಮೇಲೆ ನನ್ನ ಇಪ್ಪತ್ತೇಳು ವರ್ಷದ ಸಂಸಾರ ನಿಂತಿದೆ.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಾನು ಚಿಂತೆ ಮಾಡುವವ. ಬಿ.ಪಿ. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂಬ ಚಿಂತೆಯಿಂದಲೇ ನನ್ನ ಬಿ.ಪಿ. ಏರುತ್ತದೆ. ಜಗತ್ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಬೇರೆ ಯಾರಿಗೋ ಸೀಟಿ ಊದಿದರೆ ನಾನು ಸ್ಕೂಟರ್ ನಿಲ್ಲಿಸಿ ಕಾಗದ ಪತ್ರ ತೆಗೆಯುತ್ತೇನೆ. ಇಂಥವನಿಗೆ ದೇವರು ಎಂಥ ಕಾಕಾನನ್ನು ಕೊಡಬೇಕು? ಪಿಸ್ತೂಲಿನ ಹುಚ್ಚಿನವನನ್ನು ಕೊಟ್ಟ!

ಹೆದರಬೇಡಿ. ಕಾಕಾ ಸರ್ಕಾರಿ ಶಸ್ತ್ರಾಗಾರದಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತನಾದವ. ದೀಪಾವಳಿಯ ಲಕ್ಷ್ಮೀ ಪಟಾಕಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ. ಅವನ ಹುಚ್ಚು ಪಿಸ್ತೂಲು ಹೊಡೆಯುವುದಲ್ಲ, ಓದುವುದು.

"ಮಂದಿ ಪೇಪರ್ ಓದ್ತಾರ, ಪುರಾಣ ಓದ್ತಾರ. ನಾ ಪಿಸ್ತೂಲ್ ಓದ್ತೀನಿ. ಪೇಪರ್‌ನಾಗರ ಸುಳ್ಳ ಇರ್ತದ."

ಹಿಂದೆ ಯಾರ್ಯಾರೋ ಜಹಗೀರದಾರರ ಮನೆಯ ಹಳೆಯ ಪಿಸ್ತೂಲುಗಳು ಅವನಿದ್ದ ಶಸ್ತ್ರಾಗಾರಕ್ಕೆ ಜಮೆಯಾಗಲು ಬರುತ್ತಿದ್ದವಂತೆ. ಲಡಾಯಿಯ ಕಾಲದ ಮಾಲು. ಉಳಿದವರಿಗೆ ಅವು ತುಕ್ಕು ಹಿಡಿದ ಕಬ್ಬಿಣ. ಕಾಕಾನಿಗೆ ಮಾತ್ರ ಅವುಗಳ ಮೈಮೇಲೆ ಜಾತಕ ಕಾಣುತ್ತಿತ್ತು. ಒಮ್ಮೆ ಯಾರದೋ ಮದುವೆಯ ಪಂಕ್ತಿಯಲ್ಲಿ, ಹೂರಣಗಡಬು ಬರುವುದು ತಡವಾಗಿ, ಮಾತಿಗೆ ಮಾತು ಇರಲಿ ಎಂದು ನಾನು ಕೇಳಿಬಿಟ್ಟೆ: "ಪಿಸ್ತೂಲ್ ನೋಡಿ ವರ್ಷ ಹ್ಯಾಂಗ ಹೇಳ್ತಿ ಕಾಕಾ?"

ಕೇಳಬಾರದಿತ್ತು. ಆದರೆ ಕೇಳಿದೆ, ಕೇಳಿದ ಮೇಲೆ, ನಿಜ ಹೇಳುತ್ತೇನೆ, ಗಡಬು ಬಂದದ್ದೇ ತಿಳಿಯಲಿಲ್ಲ.

"ಎರಡನೇ ದೊಡ್ಡ ಲಡಾಯಿ ಒಳಗ ಜರ್ಮನ್ ಮಂದಿ ಪಿಸ್ತೂಲ್ ಮ್ಯಾಲ ಕಾರ್ಖಾನಿ ಹೆಸರು ಹಾಕೋದು ಬಿಟ್ರು. ಯಾಕ ಹೇಳು?"

"ಜಾಗಾ ಸಾಲಲಿಲ್ಲ?"

"ನಿನ್ನ ತಲಿ. ವೈರಿಗೆ ಹೆಸರು ತಿಳಿದ್ರ ವಿಮಾನ ತಂದು ಅದೇ ಕಾರ್ಖಾನಿ ಮ್ಯಾಲ ಬಾಂಬ್ ಹಾಕ್ತಾನ! ಅದಕ್ಕ ಎರಡೋ ಮೂರೋ ಸಣ್ಣ ಅಕ್ಷರ. ಗುಪ್ತ ಹೆಸರು. ಬಾಜೂಕ ಎರಡು ಅಂಕಿ, ಅದು ಇಸವಿ. ಆಮ್ಯಾಲ ನಂಬರ್. ಹತ್ತು ಸಾವಿರದ ತನಕ ಹೋಗ್ತದ, ಮತ್ತ ಒಂದರಿಂದ ಶುರು, ಹಿಂದೊಂದು ಅಕ್ಷರ ಹಚ್ಚಿ. ‘ಎ’ ಮುಗೀತು, ‘ಬಿ’. ‘ಬಿ’ ಮುಗೀತು, ‘ಸಿ’. ಹೊಸಾ ವರ್ಷ ಬಂತು, ಎಲ್ಲಾ ಮೊದಲಿಂದ. ಅಕ್ಷರ ನೋಡಿ ಅದು ಮಳಿಗಾಲದ ಪಿಸ್ತೂಲೋ ಬ್ಯಾಸಗಿದೋ ಹೇಳಬಹುದು!"

"ಅಲ್ಲಿ ನಮ್ಮಂಗ ಬ್ಯಾಸಗಿ ಎಲ್ಲಿರ್ತದ ಕಾಕಾ?"

"ಅದು ನಂಬರಿನ್ಯಾಗ ಬರೋದಿಲ್ಲ. ಮುಂದ ಕೇಳು. ಪಿಸ್ತೂಲಿನ ಮೈ, ನಳಿಗಿ, ಮ್ಯಾಲಿನ ಚಿಪ್ಪು, ಎಲ್ಲಾದಕ್ಕೂ ಒಂದೇ ನಂಬರ್ ಇರಬೇಕು. ಕೂಡಲಿಲ್ಲಂದ್ರ, ಯಾರೋ ಎರಡು ಸತ್ತ ಪಿಸ್ತೂಲ್ ಕೂಡಿಸಿ ಒಂದನ್ನ ಬದುಕಿಸ್ಯಾರಂತ ತಿಳೀಬೇಕು."

ಇಷ್ಟು ಹೇಳಿ ನನ್ನನ್ನೂ ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನೂ ಒಮ್ಮೆ ನೋಡಿದ. "ನಿಮ್ಮಿಬ್ಬರದೂ ನಂಬರ್ ಕೂಡಂಗಿಲ್ಲ. ಆದ್ರೂ ಕೆಲಸ ನಡದದ ಬಿಡು."

ನಿವೃತ್ತನಾದ ಮೇಲೆ ಪಿಸ್ತೂಲುಗಳು ಸಿಗದಂತಾದವು. ಹುಚ್ಚಿಗೆ ನಿವೃತ್ತಿ ಉಂಟೇ? ಜಗತ್ತಿನಲ್ಲಿ ಎಲ್ಲೆಲ್ಲಿ ನಂಬರ್ ಇದೆಯೋ ಅಲ್ಲೆಲ್ಲ ಕಾಕಾ ಕಣ್ಣು ಹಾಯಿಸತೊಡಗಿದ. ಕುಕ್ಕರಿನ ತಳ, ಹೊಲಿಗೆ ಯಂತ್ರದ ಹೊಟ್ಟೆ, ತಕ್ಕಡಿಯ ಕಲ್ಲು. ನನ್ನ ಬಿ.ಪಿ. ಯಂತ್ರವನ್ನು ತಿರುವಿ, "ಇದರ ಮೈ ಒಂದು ವರ್ಷದ್ದು, ಮುಚ್ಚಳ ಇನ್ನೊಂದು ವರ್ಷದ್ದು" ಅಂದ. ಅಂದಿನಿಂದ ಅದು ತೋರಿಸುವ ಅಂಕಿಯಲ್ಲಿ ಮುಚ್ಚಳದ ಪಾಲೆಷ್ಟು ಎಂಬ ಚಿಂತೆ ನನಗೆ ಹೊಸದಾಗಿ ಸೇರಿಕೊಂಡಿತು. ಚಹಾ ಕೊಟ್ಟರೆ ಕಪ್ಪಿನ ತಳ ನೋಡುತ್ತಾನೆಂದು ನನ್ನ ಹೆಂಡತಿ ಸ್ಟೀಲ್ ಲೋಟದಲ್ಲಿ ಅಂಚಿನವರೆಗೆ ಕುದಿಕುದಿ ಚಹಾ ತುಂಬಿ ಕೊಡುತ್ತಾಳೆ. ಕಾಕಾ ಶಾಂತವಾಗಿ ಕುಡಿದು, ಆಮೇಲೆ ತಿರುವುತ್ತಾನೆ.

ಇಂಥವನಿಗೆ ಗೊತ್ತಿಲ್ಲದ ತಾರೀಖು ಒಂದೇ: ತನ್ನದು! ದಾಖಲೆಯಲ್ಲಿ ಜೂನ್ ಒಂದು. ಅವನ ಓರಗೆಯವರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಹಾಗೆ ಬರೆದುಕೊಂಡುಬಿಟ್ಟಿದ್ದರು. "ಖೋಟಾ ಮಾರ್ಕಿಂಗ್. ನನ್ನ ಮೈಮ್ಯಾಲ ನಂಬರ್ ಇಲ್ಲ, ಇಸವಿ ಇಲ್ಲ. ಪಿಸ್ತೂಲ್ ಆಗಿದ್ರ ನನ್ನ ಯಾರೂ ಜಮಾ ಮಾಡ್ಕೊಂತಿದ್ದಿಲ್ಲ" ಎಂದು ಆಗಾಗ ಹೇಳುತ್ತಿದ್ದ.

ಹೋದ ದಸರೆಯ ಮಾತು. ಖಂಡೆ ಪೂಜೆಯ ದಿನ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕಮಲಾಪುರದಿಂದ ಒಂದು ಫೋಟೋ ಬಂತು. ಕಮಲಾಪುರದಲ್ಲಿರುವುದು ನನ್ನ ಸೋದರತ್ತೆ, ಅಂದರೆ ಕಾಕಾನ ಅಕ್ಕ. ಎಂಬತ್ತು ದಾಟಿದವಳು. ಅವಳ ಸೊಸೆ ಹಾಕಿದ ಫೋಟೋ: ಕುಡುಗೋಲು, ಕೊಡಲಿ, ಮಿಕ್ಸರ್, ಮೋಟರಿನ ಸ್ಟಾರ್ಟರ್, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಡುವೆ, ಫಳಫಳ ಹೊಳೆಯುತ್ತ, ಹಿತ್ತಾಳೆಯ ಒಂದು ದಪ್ಪ ಮೂತಿಯ ಪಿಸ್ತೂಲು!

ಕೆಳಗೆ ಮೂವತ್ತೆರಡು ಜನ ಕೈಮುಗಿದ ಚಿತ್ರ ಹಾಕಿದ್ದರು. ಒಬ್ಬನಿಗಾದರೂ ಅದು ಪಿಸ್ತೂಲೆಂದು ಹೊಳೆಯಲಿಲ್ಲವೇ? ನನ್ನ ಎದೆ ನಗಾರಿಯಾಯಿತು. ಲೈಸೆನ್ಸ್ ಇಲ್ಲದ ಆಯುಧ! ಫೋಟೋ! ಗುಂಪಿನಲ್ಲಿ ನಾನೂ ಇದ್ದೇನೆ! ಗುಂಪು ಬಿಟ್ಟು ಹೊರಬಿದ್ದೆ. ಬಿಟ್ಟರೆ ಸಂಶಯ ಬರುತ್ತದೆಂದು ಹೆಂಡತಿಯ ಕೈಯಿಂದ ಮತ್ತೆ ಸೇರಿಸಿಕೊಂಡೆ. ಅಷ್ಟರಲ್ಲಿ ಶರಣಸಿರಸಗಿಯ ತನ್ನ ಮನೆಯಿಂದ ಕಾಕಾನ ಫೋನು.

"ನೋಡಿದಿ?"

"ನೋಡೀನಿ ಕಾಕಾ. ವಕೀಲರನ್ನ ಕೇಳಬೇಕೋ ಹ್ಯಾಂಗ?"

"ವಕೀಲರಿಗೇನು ತಿಳೀತದ? ಮೈಮ್ಯಾಲ ಕೋಳಿ ಹೆಜ್ಜಿ ಅದ ನೋಡು. ನಾಳಿ ಬನ್ನಿ ಕೊಡಾಕ ಹೋಗೋಣು. ಅಕ್ಕ ಇದನ್ನ ನನಗ ಅರವತ್ತು ವರ್ಷ ತೋರಿಸೇ ಇಲ್ಲಲ್ಲೋ!" ಅವನ ದನಿಯಲ್ಲಿ ಕೋಪವಿತ್ತೋ ಖುಷಿಯಿತ್ತೋ ನನಗೆ ತಿಳಿಯಲಿಲ್ಲ.

ಮರುದಿನ ಕಮಲಾಪುರದ ಬಸ್ಸು. ಕಾಕಾನ ಚೀಲದಲ್ಲಿ ಭೂತಗನ್ನಡಿ, ಬ್ಯಾಟರಿ, ಪೆನ್ಸಿಲ್ಲು, ತೆಳು ಕಾಗದ, ನೋಟ್‌ಬುಕ್ಕು, ಒಂದು ವಿಭೂತಿ ಗಟ್ಟಿ. ಬಸ್ಸಿನ ತುಂಬ ಜನ. ಕಾಕಾ ನನ್ನ ಕಿವಿಯಲ್ಲಿ ಹೇಳುತ್ತಿದ್ದೇನೆಂದುಕೊಂಡು ಇಡೀ ಬಸ್ಸಿಗೆ ಕೇಳುವಂತೆ, "ಪಿಸ್ತೂಲ್ ಕೈಗೆ ಬಂದಕೂಡ್ಲೆ ಮೊದಲು ಅದರ ಬಾಯಿ ತೆಗೀಬೇಕು, ಒಳಗ ಏನರ ಅದ ಏನಂತ ನೋಡಬೇಕು" ಅಂದ.

ಮುಂದಿನ ಸೀಟಿನವರು ತಿರುಗಿ ನೋಡಿದರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ನಿಂತುಬಿಟ್ಟ. "ಯಜಮಾನ್ರ, ಎಲ್ಲಿಗೆ ಹೊಂಟೀರಿ?"

"ಅಕ್ಕನ ಮನಿಗೆ."

"ಅಕ್ಕನ ಮನಿಗೆ ಪಿಸ್ತೂಲ್ ಯಾಕ್ರಿ? ಆಸ್ತಿ ಪಾಲಿಂದು ಭಾನಗಡಿ ಏನು?"

ನಾನು, "ದೇವರ ಪಿಸ್ತೂಲ್ ರೀ… ಪೂಜಿದು…" ಎಂದು ತೊದಲಿದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಕಾಕಾ ಮಾತ್ರ ಕಂಡಕ್ಟರನ ಟಿಕೆಟ್ ಯಂತ್ರವನ್ನು ಮೆಲ್ಲಗೆ ಕೈಯಲ್ಲಿ ಹಿಡಿದು, ತಿರುವಿ, "ತಮ್ಮಾ, ಇದಕ್ಕ ಎರಡು ನಂಬರ್ ಹಚ್ಚ್ಯಾರ. ರಿಪೇರಿಗೆ ಹೋಗಿ ಬಂದದೇನು?" ಅಂದ. ಕಂಡಕ್ಟರ್ ದಂಗಾದ. "ಖರೆ ಅದರೀ! ಎರಡು ಸಲ ಹೋಗ್ಯದ!" ಆಮೇಲೆ ಕಮಲಾಪುರದವರೆಗೂ ಇಬ್ಬರದೂ ಅದೇ ಮಾತು. ನನಗೆ ಬರಬೇಕಾದ ಚಿಲ್ಲರೆ ಬರಲೇ ಇಲ್ಲ.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಬನ್ನಿ ಕೊಟ್ಟು ಕಾಲಿಗೆ ಬಿದ್ದೆವು. "ಬಂಗಾರದಂಗ ಇರ್ರಿ" ಎಂದು ಕೆಂಪು ಬಾಳೆಹಣ್ಣಿನ ಚಿಪ್ಪನ್ನೇ ನಮ್ಮ ಮುಂದಿಟ್ಟಳು. ಕಾಕಾ ಹಣ್ಣು ಮುಟ್ಟಲಿಲ್ಲ. "ಅಕ್ಕಾ, ಎಲ್ಲದ?"

ದೇವರ ಜಗಲಿಯ ಮೇಲಿಂದ ಕೆಂಪು ವಸ್ತ್ರ ಬಿಚ್ಚಿ ಅತ್ತೆ ಅದನ್ನು ಹೊರತಂದಳು. ನಾನು ಜೋಳದ ಚೀಲದ ಹಿಂದೆ ಸರಿದೆ. ಕಾಕಾ ಅದರ ಬಾಯಿ ತೆಗೆದು, ಬೆಳಕಿಗೆ ಹಿಡಿದು, ಒಳಗೆ ನೋಡಿ, "ಖಾಲಿ ಅದ, ಹೊರಗ ಬಾರೋ ಶೂರಾ" ಅಂದ. ಆಮೇಲೆ ಅದರ ನಳಿಗೆಯಲ್ಲಿ ತನ್ನ ಹೆಬ್ಬೆರಳು ಇಳಿಸಿದ. ಸಲೀಸಾಗಿ ಇಳಿಯಿತು.

"ಅಕ್ಕಾ, ನಿಮ್ಮ ಮಾವ ಇದರ ಬಗ್ಗೆ ಏನು ಹೇಳ್ತಿದ್ದ?"

ಅತ್ತೆಯ ಮಾವ ಲಡಾಯಿಯ ಕಾಲದಲ್ಲಿ ಫೌಜಿನಲ್ಲಿ ಹೇಸರಗತ್ತೆ ಕಾಯುತ್ತಿದ್ದನಂತೆ. ಲಡಾಯಿ ಮುಗಿದ ಮೇಲೆ ಒಂದು ಕಂಬಳಿ ಮತ್ತು ಈ ಪಿಸ್ತೂಲು ಹಿಡಿದು ಊರಿಗೆ ಬಂದ.

"ಏನು ಹೇಳ್ತಿದ್ರು? ಇದರಾಗಿಂದ ಗುಂಡು ಬರಂಗಿಲ್ಲ, ಬೆಳಕು ಬರ್ತದ ಅಂತಿದ್ರು. ಊರ ಮಂದಿ ನಕ್ಕರು. ಹರಾಜಿನ್ಯಾಗ ತಗೊಂಡೀನಿ ಅಂತಿದ್ರು. ಅದನ್ನೂ ಯಾರೂ ನಂಬಲಿಲ್ಲ. ಫೌಜಿನ್ಯಾಗ ಕದ್ದು ತಂದಾನ ಅಂದ್ರು." ಅತ್ತೆ ದನಿ ತಗ್ಗಿಸಿ ಗೋಡೆಯ ಕಡೆ ಗದ್ದ ತೋರಿಸಿದಳು. "ಇವತ್ತಿಗೂ ಅಂತಾರ."

ಗೋಡೆಯಾಚೆ ಇದ್ದದ್ದು ಅತ್ತೆಯ ನೆಗೆಣ್ಣಿ: ಮಾವನ ಅಣ್ಣನ ಸೊಸೆ. ಅವಳಿಗೂ ಎಂಬತ್ತರ ಸುಮಾರು. ಹೆಸರೆತ್ತಿದ್ದೇ ತಡ, ಕೈಯಲ್ಲಿ ಬನ್ನಿ ಹಿಡಿದು ಬಂದೇಬಿಟ್ಟಳು. ಬನ್ನಿ ಕೊಟ್ಟದ್ದು ಒಂದು ನಿಮಿಷ, ಕೂತದ್ದು ಮೂರು ತಾಸು.

ಕಾಕಾ ಹೇಳಿದ: "ಬೆಳಕಿನ ಮಾತು ಖರೆ ಅದ. ಇದು ಸಿಗ್ನಲ್ ಪಿಸ್ತೂಲ್. ಆಕಾಶಕ್ಕ ಹೊಡದ್ರ ಕೆಂಪೋ ಹಸರೋ ಬೆಳಕು ಏಳ್ತದ. ನಾವಿಲ್ಲಿ ಇದ್ದೀವಿ, ಬರ್ರಿ ಅಂತ ಕರಿಯೋ ಸಾಮಾನು. ನಿಮ್ಮ ಮಾವ ಒಂದು ಮಾತು ಸುಳ್ಳ ಹೇಳಿಲ್ಲ."

ಅತ್ತೆಯ ಬೆನ್ನು ಒಂದು ಗೇಣು ನೆಟ್ಟಗಾಯಿತು. ನೆಗೆಣ್ಣಿ ಅಡಕೆ ಕಡಿಯುತ್ತ, "ಬೆಳಕಿನ ಮಾತು ಇರಲಿ. ಹರಾಜಿನ ಮಾತು?" ಅಂದಳು.

ಕಾಕಾ ಹಿಡಿಕೆಯ ಮೇಲಿನ ಒಂದು ಗುರುತು ತೋರಿಸಿದ. ಮೂರು ಗೀರು, ತುದಿಯಲ್ಲಿ ಕೂಡಿದ್ದವು.

"ಅದು ತ್ರಿಶೂಲ," ಅತ್ತೆ ಕೈಮುಗಿದಳು. "ಶಿವನ ಗುರುತು ಅದ ಅಂತನ ನಮ್ಮತ್ತಿ ಜಗಲಿ ಮ್ಯಾಲ ಇಟ್ಟಿದ್ರು."

ಕಾಕಾ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಅದು ತ್ರಿಶೂಲ ಅಲ್ಲ. ಬಾಣ. ಅಂಗ್ರೇಜಿ ಸರ್ಕಾರದ ಮಾಲು ಅಂತ ಹೊಡಿಯೋ ಗುರುತು."

ಅರವತ್ತು ವರ್ಷ ಪೂಜೆ ಮಾಡಿದ್ದು ಸರ್ಕಾರಿ ಮುದ್ರೆಗೆ! ನನಗೆ ನಗು ಬಂತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ. ನೆಗೆಣ್ಣಿ ನುಂಗಿಕೊಳ್ಳಲಿಲ್ಲ. "ನೋಡ್ರೆವ್ವಾ! ಸರ್ಕಾರದ ಮಾಲು ಮನ್ಯಾಗ ಹ್ಯಾಂಗ ಬಂತು? ನಾ ಮೊದಲಿಂದ ಹೇಳಿಲ್ಲೇನು?"

"ತಡಿಯವ್ವಾ," ಕಾಕಾ ಅಂದ. "ಸರ್ಕಾರ ಮಾಲು ಮಾರಿದ್ರ ಅದಕ್ಕೂ ಗುರುತು ಅದ. ಮೊದಲಿನ ಬಾಣದ ಮೂತಿಗೆ ಮೂತಿ ಹಚ್ಚಿ, ಎದುರಾಬದುರಾ, ಇನ್ನೊಂದು ಬಾಣ ಹೊಡೀತಾರ. ಎರಡು ಬಾಣ ಇದ್ರ ಹರಾಜಿನ ಮಾಲು. ಒಂದೇ ಇದ್ರ…"

ಪಿಸ್ತೂಲನ್ನು ಠಾಣೆಗೆ ಒಪ್ಪಿಸಲೇಬೇಕು ಎಂದು ನಾನೂ ಕಾಕಾನೂ ಬರುವಾಗಲೇ ತೀರ್ಮಾನಿಸಿದ್ದೆವು. ಅತ್ತೆಗೂ ಅದು ತಿಳಿದಿತ್ತು. "ಒಯ್ಯಿರಿ. ಬ್ಯಾಡನ್ನಂಗಿಲ್ಲ. ಆದರ ತಮ್ಮಾ, ಆ ಕಾಗದದಾಗ ನಮ್ಮ ಮಾವನ್ನ ಕಳ್ಳ ಅಂತ ಬರಸಬ್ಯಾಡ. ಈ ಮನಿಗೆ ಬಂದಾಗ ನನಗ ಒಬ್ಬರೂ ಮಾತಾಡಸ್ತಿದ್ದಿಲ್ಲ. ಆತ ಒಬ್ಬಾಂವ ‘ಉಂಡೇನವ್ವಾ’ ಅಂತ ಕೇಳ್ತಿದ್ದ."

ಕಾಕಾ ಮೂಗಿಗೆ ಚಾಳೀಸು ಏರಿಸಿದ. ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಉಜ್ಜಿ ಪಿಸ್ತೂಲಿನ ಮೈಗೆಲ್ಲ ಸವರಿ, ಬಟ್ಟೆಯಿಂದ ಮೆಲ್ಲಗೆ ಒರೆಸಿದ. ಗೀರುಗಳಲ್ಲಿ ಬೂದಿ ಉಳಿದು ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತವೆ. ಶಸ್ತ್ರಾಗಾರದಲ್ಲಿ ಸೀಮೆಸುಣ್ಣ ಹಚ್ಚುತ್ತಿದ್ದರಂತೆ, ಕಾಕಾ ವಿಭೂತಿ ಹಚ್ಚಿ ಹೆಸರು ಮಾಡಿದ್ದ. ನಾವೆಲ್ಲ ಬಗ್ಗಿದೆವು. ಏನು ಕಾಣಬೇಕು? ಅರ್ಧ ನಾಲ್ಕು, ಕಾಲು ಎರಡು, ಮಂಜಿನಲ್ಲಿ ನಿಂತ ಹಾಗೆ ಒಂದು ನಂಬರ್.

"ಅಕ್ಕಾ, ಇದನ್ನ ಯಾತರಿಂದ ತಿಕ್ತಿದ್ದಿ?"

"ಹುಣಸಿಹಣ್ಣು, ಬೂದಿ. ದೇವರ ಸಾಮಾನು, ಹ್ಯಾಂಗ ಬಿಡ್ಲಿ? ವರ್ಷಕ್ಕೊಮ್ಮೆ ಗಸಗಸ ತಿಕ್ಕಿ ತೊಳೀತೀನಿ."

ಕಾಕಾ ಹಣೆ ಹಿಡಿದುಕೊಂಡ. ಲಡಾಯಿ ಅಳಿಸದ್ದನ್ನು ನಮ್ಮ ಅತ್ತೆಯ ಭಕ್ತಿ ಅಳಿಸಿತ್ತು!

ಒಂದು ತಾಸು ಹುಡುಕಿದ. ಬಾಗಿಲಲ್ಲಿ ಕೂತು, ಅಂಗಳದ ಬಿಸಿಲಿಗೆ ಹೋಗಿ, ಮತ್ತೆ ಒಳಗೆ ಬಂದು ಬ್ಯಾಟರಿ ಹಾಕಿ. ತೆಳು ಕಾಗದ ಹಾಸಿ ಪೆನ್ಸಿಲ್ ಉಜ್ಜಿದ. ಇಸವಿ ಸಿಕ್ಕಿತು: ನಲವತ್ತೆರಡು. ನಂಬರ್ ಸಿಕ್ಕಿತು. ಎರಡನೇ ಬಾಣ ಸಿಗಲಿಲ್ಲ. ಇರಬೇಕಾದ ಜಾಗದಲ್ಲಿ ಕಡಲೆಕಾಳಿನಷ್ಟು ಕರಿ ಮಚ್ಚೆ, ನುಣ್ಣಗೆ.

ನಾನು ಅವನನ್ನು ನೀರಿನ ಹಂಡೆಯ ಹತ್ತಿರ ಎಳೆದೊಯ್ದೆ. "ಕಾಕಾ, ಅದ ಅಂತ ಹೇಳಿಬಿಡು. ಯಾರು ಬಂದು ನೋಡ್ತಾರ?"

"ನಾ ನೋಡೀನಲ್ಲ."

"ಮುದುಕಿ ಜೀವ ಕಾಕಾ!"

"ನಾ ಇವತ್ತು ಇಲ್ಲದ್ದು ಅದ ಅಂದ್ರ, ನಾಳಿ ಇದ್ದದ್ದು ಅದ ಅಂದಾಗ ಯಾರು ನಂಬ್ತಾರೋ?" ಅವನ ಕಣ್ಣುಗಳು ಕೆಂಪಾಗಿದ್ದವು. ಭೂತಗನ್ನಡಿ ಹಿಡಿದು ಹಿಡಿದು ಇರಬೇಕು ಅಂದುಕೊಂಡೆ.

ಒಳಗೆ ಬಂದು ನೇರ ಹೇಳಿದ: "ಸಿಗಲಿಲ್ಲ ಅಕ್ಕಾ."

ನೆಗೆಣ್ಣಿ ಅಡಕೆ ಕಡಿಯುವುದನ್ನು ನಿಲ್ಲಿಸಿದಳು. ಗೆದ್ದ ಮೇಲೆ ಏನು ಮಾಡಬೇಕೆಂದು ಅವಳಿಗೂ ತಿಳಿಯಲಿಲ್ಲ ಅನಿಸುತ್ತದೆ. ಅತ್ತೆ ಪಿಸ್ತೂಲನ್ನು ಕೂಸಿನ ಹಾಗೆ ಕೆಂಪು ವಸ್ತ್ರದಲ್ಲಿ ಸುತ್ತುತ್ತ ತನ್ನಷ್ಟಕ್ಕೆ ಗೊಣಗಿದಳು: "ಎಷ್ಟು ಮುಚ್ಚಿದ್ರೇನು? ಆ ಉಲ್ಟಾ ತ್ರಿಶೂಲದ ಪೀಡಾ ಕಡೀಕ ತಟ್ಟೇಬಿಡ್ತು."

ಕಾಕಾ ಕೂತಲ್ಲಿಂದ ಎದ್ದ. "ಏನಂದಿ?"

"ಏನಿಲ್ಲ."

"ಉಲ್ಟಾ ಏನು?"

"ತ್ರಿಶೂಲದ ಕೆಳಗ ಇನ್ನೊಂದು ಉಲ್ಟಾ ತ್ರಿಶೂಲ ಇತ್ತಪ್ಪಾ. ತಲಿಕೆಳಗ ತ್ರಿಶೂಲ ಮನ್ಯಾಗ ಇರಬಾರದು, ಸಂಸಾರ ಉಲ್ಟಾ ಆಗ್ತದಂತ ನಮ್ಮತ್ತಿ ಅರಗು ಕಾಯಿಸಿ ತುಂಬಿದ್ರು. ಅರಗು ಸವದಾಗೆಲ್ಲ ನಾನೂ ತುಂಬೀನಿ. ನಾ ಏನು ತಪ್ಪ ಮಾಡಿದೆ?"

ಕಾಕಾ ಇಷ್ಟು ಜೋರಾಗಿ ನಗುವುದನ್ನು ನಾನು ಅಂದೇ ಕಂಡದ್ದು. "ಒಲಿ ಹಚ್ಚವ್ವಾ!" ಎಂದು ಅತ್ತೆಯ ಸೊಸೆಗೆ ಕೂಗಿದ. ಚಮಚದ ಹಿಡಿಕೆ ಕಾಯಿಸಿ ಆ ಕರಿ ಮಚ್ಚೆಗೆ ಮುಟ್ಟಿಸಿದ. ಅರಗು ಮೆತ್ತಗಾಯಿತು. ಸೂಜಿಯ ತುದಿಯಿಂದ, ಕಿವಿಯ ಗುಗ್ಗೆ ತೆಗೆಯುವವನ ಹಾಗೆ ಉಸಿರು ಬಿಗಿಹಿಡಿದು, ಒಂದೊಂದೇ ಚೂರು ಎತ್ತಿದ. ಮೇಲೆ ವಿಭೂತಿ ಸವರಿದ. ಒರೆಸಿದ.

ಮೇಲಿನ ತ್ರಿಶೂಲ ಸವೆದು ಅಜ್ಜಿಯಾಗಿತ್ತು. ಕೆಳಗಿನದು ನಿನ್ನೆ ಹೊಡೆದಷ್ಟು ಹರಿತ! ಮೂತಿಗೆ ಮೂತಿ ಹಚ್ಚಿ, ಎದುರಾಬದುರಾ, ಎರಡು ಬಾಣ. ಹುಣಸೆಹಣ್ಣು ಬೂದಿ ಯಾವುದೂ ತಾಕದಂತೆ ಅರಗು ಅದನ್ನು ಕಾಪಾಡಿತ್ತು. ಮಾವನ ಸಾಕ್ಷಿಯನ್ನು ಸೊಸೆಯೇ ವರ್ಷಾನುಗಟ್ಟಲೆ ಮುಚ್ಚಿಟ್ಟು, ಅದರ ಮೇಲೆ ಕುಂಕುಮ ಇಟ್ಟಿದ್ದಳು.

"ಹರಾಜಿನ ಮಾಲು," ಕಾಕಾ ಅಂದ. "ಖರೀದಿ ಮಾಡಿದ್ದು. ಕಳವು ಅಲ್ಲ."

ನೆಗೆಣ್ಣಿ ಭೂತಗನ್ನಡಿ ಕಸಿದುಕೊಂಡು ನೋಡಿದಳು. "ಎರಡು ಕಾಗಿ ಹೆಜ್ಜಿ ಕಾಣ್ತಾವ ಅಷ್ಟ," ಎಂದಳು. ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಶೇಂಗಾ ಹಿಂಡಿ ತಂದು ಅತ್ತೆಯ ಮುಂದಿಟ್ಟಳು. ಎರಡು ಮನೆಗಳ ನಡುವೆ ಬಟ್ಟಲು ದಾಟಿದ್ದು ಎಷ್ಟು ವರ್ಷದ ಮೇಲೋ! ಕಾಕಾ ಬಟ್ಟಲಿನ ಕಡೆ ಕೈ ಚಾಚಿದ. "ಈಗ ತಿರುವಿದ್ರ ಕೈ ಮುರೀತೀನಿ" ಎಂದೆ ಮೆಲ್ಲಗೆ. ಜೀವನದಲ್ಲಿ ನಾನು ಹಾಕಿದ ಒಂದೇ ಧಮಕಿ.

ಠಾಣೆಯ ಕಥೆ ಚಿಕ್ಕದು. ನಾನು ಬಾಗಿಲಲ್ಲಿದ್ದ ಕಾನ್ಸ್‌ಟೇಬಲ್‌ಗೆ ಬನ್ನಿ ಕೊಟ್ಟು, ಭಯದಲ್ಲಿ ಅವನ ಕಾಲೂ ಮುಟ್ಟಿದೆ. ಅವನು ನನ್ನ ಮಗನ ವಯಸ್ಸಿನವ. ಪಿ.ಎಸ್.ಐ. ಸಾಹೇಬರು ಒಳ್ಳೆಯವರು. ಕಾಕಾ ಹೇಳುತ್ತ ಹೋದ, ಅವರು ಬರೆಸುತ್ತ ಹೋದರು: ಇಸವಿ, ನಂಬರ್, ಎರಡು ಬಾಣ, ಸರ್ಕಾರದಿಂದ ಮಾರಿದ ಮಾಲು, ಮನೆಯವರೇ ತಂದು ಒಪ್ಪಿಸಿದ್ದು. ಸಹಿ ಮಾಡುವಾಗ ಕಾಕಾನ ಕೈ ಮೇಜಿನ ಪೇಪರ್‌ವೇಟಿನ ಮೇಲೆ ಹೋಯಿತು. ಸಾಹೇಬರು, "ಹಿರಿಯರ, ಅದರ ತಳದಾಗ ಏನೂ ಇಲ್ರಿ, ನಾನೂ ನೋಡೀನಿ" ಅಂದರು. ಕಾಕಾ ಅವರನ್ನು ಸ್ವಂತ ತಮ್ಮನನ್ನು ನೋಡುವ ಹಾಗೆ ನೋಡಿದ.

ಮರಳಿ ಬಂದು ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಪುಂಡಿ ಪಲ್ಯ, ಆ ಶೇಂಗಾ ಹಿಂಡಿ. ಎರಡು ಬಾಣದ ಗುರುತನ್ನು ಕಾಕಾ ಕಾಗದಕ್ಕೆ ಉಜ್ಜಿ ತೆಗೆದುಕೊಟ್ಟಿದ್ದ. ಅತ್ತೆ ಅದನ್ನು ಜಗಲಿಯ ಮೇಲೆ, ಪಿಸ್ತೂಲಿದ್ದ ಜಾಗದಲ್ಲಿ ಇಟ್ಟಳು. ಈ ಸಲ ಯಾವುದನ್ನೂ ಮುಚ್ಚದೆ.

ತಾಟಿಗೆ ರೊಟ್ಟಿ ಹಾಕುತ್ತ ಕೇಳಿದಳು: "ಎಲ್ಲಾದರದೂ ವರ್ಷ ಹೇಳ್ತಿ. ನಿಂದು ಹೇಳು ನೋಡೋಣು?"

"ನಂದೇನು ಹೇಳ್ಲಿ ಅಕ್ಕಾ. ಜೂನ್ ಒಂದು. ಮಾಸ್ತರ ಬರದ ಸುಳ್ಳ. ನನ್ನ ಮ್ಯಾಲೆ ಯಾವ ಮಾರ್ಕಿಂಗೂ ಇಲ್ಲ."

"ಇಲ್ಲಂತ ಯಾರಂದ್ರು?"

ಅತ್ತೆ ಅವನ ಎಡಗೈ ಎಳೆದುಕೊಂಡು ಅಂಗಿಯ ತೋಳು ಮೇಲೇರಿಸಿದಳು. ಮೊಣಕೈ ಹತ್ತಿರ ಒಂದು ಹಳೆಯ ಕಲೆ, ನೆರಿಗೆಗಳಲ್ಲಿ ಹೆಚ್ಚುಕಮ್ಮಿ ಕಳೆದುಹೋಗಿತ್ತು. ಪಕ್ಕದಲ್ಲೇ ಬಿದ್ದಿದ್ದ ವಿಭೂತಿಯಲ್ಲಿ ಹೆಬ್ಬೆರಳು ಅದ್ದಿ, ಅದರ ಮೇಲೆ ತಿಕ್ಕಿದಳು. ಬೆಳಗಿನಿಂದ ಅವನು ಮಾಡಿದ್ದನ್ನು ನೋಡಿ ನೋಡಿ ಕಲಿತಿದ್ದಳು. ಕಲೆ ಬೆಳ್ಳಗೆ, ಅರ್ಧಚಂದ್ರನ ಹಾಗೆ ಎದ್ದು ಬಂತು.

"ಇದು ರೊಟ್ಟಿ ಹಂಚು ತಾಕಿದ್ದು. ನಿನ್ನ ಬಗಲಾಗ ಹೊತ್ಕೊಂಡು ರೊಟ್ಟಿ ಬಡೀತಿದ್ದೆ, ನೀ ಬಗ್ಗಿದಿ. ಎಳ್ಳ ಅಮಾಸಿ ಹಿಂದಿನ ದಿನ. ನಿನಗ ಹನ್ನೊಂದು ತಿಂಗಳು. ನೀ ಹುಟ್ಟಿದ್ದು ಸಂಕ್ರಾಂತಿ ಆಗಿ ನಾಕನೇ ದಿನ, ಸೋಮವಾರ, ಹೊತ್ತು ಏರಿತ್ತು."

ಕಾಕಾನ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ಎಡಗೈ ಬಿಡಿಸಿಕೊಳ್ಳದೆ, ರೊಟ್ಟಿ ಹಿಡಿದಿದ್ದ ಬಲಗೈಯಿಂದಲೇ ನೋಟ್‌ಬುಕ್ಕು ತೆರೆದ. "ಯಾವ ವರ್ಷ ಅಕ್ಕಾ? ವರ್ಷ?"

"ವರ್ಷದ ನಂಬರ್ ನನಗೇನು ತಿಳೀತದ? ನಾ ಸಾಲಿ ಬಿಟ್ಟ ವರ್ಷ. ಮೂರನೇ ಇಯತ್ತೆ ಇದ್ದೆ. ನೀ ಹುಟ್ಟಿದಿ, ಅವ್ವ ಹೊಲಕ್ಕ ಹೋಗಬೇಕಾಗಿತ್ತು. ನಿನ್ನ ಹೊರಾವರು ಯಾರು?"

ಸಹಜವಾಗಿ ಹೇಳಿ, ಪಲ್ಯ ಹಾಕಲು ಬಗ್ಗಿದಳು. ಕಾಕಾನ ಪೆನ್ಸಿಲ್ಲು ಕಾಗದದ ಮೇಲೆ ನಿಂತಿತ್ತು, ಚಲಿಸಲಿಲ್ಲ. ಕೊನೆಗೆ ಕೇಳಿದ: "ಎಲ್ಲಿ ತನ ಕಲ್ತಿದ್ದಿ?"

"ಒತ್ತಕ್ಷರ ಶುರು ಆಗಿತ್ತು. ತಿನ್ನು, ಇನ್ನೊಂದು ರೊಟ್ಟಿ ಹಾಕ್ಲೇನು?"

ಸಂಜೆಯ ಬಸ್ಸಿಗೆ ಹೊರಟೆವು. ನಮ್ಮ ಅದೃಷ್ಟಕ್ಕೆ ಬೆಳಗಿನ ಕಂಡಕ್ಟರೇ! ಕಾಕಾನನ್ನು ಕಂಡೊಡನೆ ಅರಳಿ, ತಾನೇ ಟಿಕೆಟ್ ಯಂತ್ರ ಮುಂದೆ ಹಿಡಿದ. "ಯಜಮಾನ್ರ, ಇನ್ನೊಂದ್ಸಲ ನೋಡ್ರಿ, ಇದು ಯಾವ ವರ್ಷದ್ದು?"

ಕಾಕಾ ಅದನ್ನು ತಿರುವಿ ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಬಲಗೈಯಿಂದ ಎಡ ಮೊಣಕೈಯನ್ನು ಮುಚ್ಚಿಕೊಂಡಿದ್ದ, ಕಲಬುರಗಿ ಬರುವವರೆಗೂ. ಜನ ಹತ್ತಿ ಇಳಿಯುವ ಗದ್ದಲದಲ್ಲಿ ಯಾರ ಅಂಗಿಗಾದರೂ ತಾಕಿ ಆ ವಿಭೂತಿ ಅಳಿಸಿಹೋಗಬಾರದೆಂದು.